ಕಕ್ಕಸಿಗೊಂದು ಮರ್ಯಾದೆಯ ಹೆಸರು

ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಜೀವಮಾನವಿಡೀ ದುಡಿದು ನಿವೃತ್ತಳಾದ ಮೇಲೂ ಮಾರುಕಟ್ಟೆ ಬೀದಿಯವರು ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಮನುಷ್ಯರ ಬಗ್ಗೆ ಅವಳಿಗೆ ಹೇಳಿಕೊಳ್ಳುವಂಥ ಗೌರವವೇನೂ ಉಳಿದಿರಲಿಲ್ಲ. ದೊಡ್ಡ ಮನುಷ್ಯರ ಹೆಂಡಂದಿರನ್ನೂ ಮೀನು ಮಾರುವವರನ್ನೂ ಒಂದೇ ಹಸಿರು ಗೌನಿನಲ್ಲಿ ನೋಡಿದವಳು. ಬೆಡ್‌ಪ್ಯಾನ್ ಹಿಡಿದು ನಿಂತವರ ಮುಂದೆ ಯಾರ ದೊಡ್ಡಸ್ತಿಕೆಯೂ ಬಹಳ ಹೊತ್ತು ನಿಲ್ಲುವುದಿಲ್ಲ ಎಂದು ಬಲ್ಲವಳು. ಆ ತಾತ್ಸಾರದಲ್ಲಿ ದೊಡ್ಡ ಪಾಲನ್ನು ಅವಳು ಒಡಹುಟ್ಟಿದ ತಮ್ಮನಿಗೆಂದೇ ಎತ್ತಿಟ್ಟಿದ್ದಳು.

ತಮ್ಮನದು ಮಾರುಕಟ್ಟೆಯ ಬಾಯಲ್ಲೇ ಜೆರಾಕ್ಸ್ ಅಂಗಡಿ. ಜನ ಅವನನ್ನು ಅಧ್ಯಕ್ಷ ಎನ್ನುತ್ತಿದ್ದರು. ಚರಂಡಿ ಹೋರಾಟ ಸಮಿತಿಗೆ, ಅಂಗಡಿಕಾರರ ಸಂಘಕ್ಕೆ, ಬೀದಿದೀಪ ವೇದಿಕೆಗೆ, ಯಾವುದಕ್ಕೆ ಜನ ಸೇರಿದರೂ ಅದಕ್ಕೆ ಅವನೇ ಅಧ್ಯಕ್ಷ. ಸಮಿತಿಗಳು ಒಂದೊಂದಾಗಿ ಕಣ್ಣು ಮುಚ್ಚಿದ್ದವು. ಅವುಗಳ ರಬ್ಬರ್ ಸೀಲುಗಳು ಮಾತ್ರ ಅಂಗಡಿಯ ಡ್ರಾಯರಿನಲ್ಲಿ ಗಟ್ಟಿಮುಟ್ಟಾಗಿದ್ದವು. “ನಿನ್ನ ಕೈಗೆ ಸಿಕ್ಕಿದ ಸಂಘ ಬದುಕಿದ್ದುಂಟಾ? ನಮ್ಮ ವಾರ್ಡಿನ ಡಾಕ್ಟರೇ ವಾಸಿ” ಎಂದು ಅಕ್ಕ ಆಗಾಗ ಕುಟುಕುತ್ತಿದ್ದಳು. ಅವನು ನಕ್ಕು ಸುಮ್ಮನಾಗುತ್ತಿದ್ದ. ಆ ನಗುವೇ ಅವಳಿಗೆ ಆಗುತ್ತಿರಲಿಲ್ಲ.

ಮಾರುಕಟ್ಟೆಯಲ್ಲಿ ಹೆಂಗಸರಿಗೆ ಕಕ್ಕಸು ಇರಲಿಲ್ಲ. ಗಂಡಸರಿಗೂ ಇರಲಿಲ್ಲ, ಆದರೆ ಗಂಡಸರಿಗೆ ಗೋಡೆ ಇತ್ತು. ಬೆಳಕು ಹರಿಯುವ ಮೊದಲೇ ಬುಟ್ಟಿ ಇಳಿಸಿ ಕೂತ ಹೆಂಗಸರು ಸಂಜೆ ಮನೆ ಸೇರುವವರೆಗೆ ತಡೆದುಕೊಳ್ಳುತ್ತಿದ್ದರು. ಅದಕ್ಕಿದ್ದ ಉಪಾಯ ನೀರು ಕುಡಿಯದೇ ಇರುವುದು. ಉರಿ, ಚಳಿಜ್ವರ, ಸೊಂಟನೋವು ಎಂದು ತನ್ನ ಬಾಗಿಲಿಗೆ ಬಂದವರಿಗೆಲ್ಲ ಸಿಸ್ಟರ್ ಗದರಿಸಿ ಹೇಳುತ್ತಿದ್ದದ್ದು ಒಂದೇ ಮಾತು, ನೀರು ಕುಡಿಯಿರಿ ಎಂದು.

“ಕುಡಿಯೋಕೇನು, ಕೊಡ ಎತ್ತಿ ಕುಡೀತೀನಿ. ಆಮೇಲೆ ಎಲ್ಲಿಗೆ ಹೋಗ್ಲಿ? ನಿಮ್ಮನೆಗೆ ಬರ್ಲಾ?” ಎಂದಳು ಒಂದು ದಿನ ಸೊಪ್ಪಿನವಳು. ಅವಳು ಗಿರಾಕಿಗಳಿಗೇ ಬೈದು ವ್ಯಾಪಾರ ಮಾಡುವವಳು. ಸಿಸ್ಟರ್ ಯಾವ ಲೆಕ್ಕ?

“ಬಾ” ಎಂದಳು ಸಿಸ್ಟರ್.

ಅವಳು ಬಂದಳು. ಅವಳ ಹಿಂದೆ ಈರುಳ್ಳಿಯವಳು ಬಂದಳು, ಮೀನಿನವಳು ಬಂದಳು, ನಿಂಬೆಹಣ್ಣಿನ ಮುದುಕಿಯೂ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ವಾರ ಕಳೆಯುವುದರಲ್ಲಿ ಮನೆಯ ಮಾಲೀಕ ಟ್ಯಾಂಕು ಬರಿದಾಯಿತೆಂದು ಕೂಗಾಡಿ, ಮೆಟ್ಟಿಲಿಗೆ ಕಬ್ಬಿಣದ ಬಾಗಿಲು ಹಾಕಿಸಿದ.

ಹಾಗಿರುವಾಗ ತಮ್ಮ ಒಂದು ಮಧ್ಯಾಹ್ನ ಫಾರ್ಮು ಹಿಡಿದುಕೊಂಡು ಬಂದ. ಯಾವುದೋ ಸಂಸ್ಥೆಯ ಕೋಟಿನವನೊಬ್ಬ ಜೆರಾಕ್ಸ್ ಮಾಡಿಸಲು ಬಂದಿದ್ದನಂತೆ. ತಮ್ಮ ಅವನಿಗೆ ಕೇಳಿದಷ್ಟು ಪ್ರತಿ ಕೊಟ್ಟು ತನಗೂ ಒಂದನ್ನು ಉಳಿಸಿಕೊಂಡಿದ್ದ.

“ಹೊರದೇಶದ ರಾಯಭಾರ ಕಚೇರಿಯವರು ಸಣ್ಣಪುಟ್ಟ ಸಮುದಾಯ ಕೆಲಸಗಳಿಗೆ ದುಡ್ಡು ಕೊಡ್ತಾರಂತೆ ಅಕ್ಕಾ. ಸಾಲ ಅಲ್ಲ, ಅನುದಾನ. ತೀರಿಸೋ ಹಾಗೇ ಇಲ್ಲ.”

“ಪುಕ್ಕಟೆ ಕೊಡೋಕೆ ಅವರಿಗೇನು ಬಂದಿದೆ?”

“ಅದನ್ನ ಫಾರ್ಮಿನಲ್ಲಿ ಬರೆದಿಲ್ಲ.”

ಫಾರ್ಮು ಇಂಗ್ಲಿಷಿನಲ್ಲಿತ್ತು. ತಮ್ಮ ಒಂದೊಂದೇ ಪ್ರಶ್ನೆ ಓದಿ, ತಲೆ ಕೆರೆದು, ಅರ್ಥ ಹೇಳಿದ. ಈ ಯೋಜನೆಯ ರೂಪಣೆಯಲ್ಲಿ ಫಲಾನುಭವಿಗಳು ಹೇಗೆ ಪಾಲ್ಗೊಂಡಿದ್ದಾರೆ ಎಂದು ಒಂದು ಪ್ರಶ್ನೆ.

“ತಡ್ಕೊಂಡು ಪಾಲ್ಗೊಂಡಿದ್ದಾರೆ ಅಂತ ಬರಿ.”

ಯೋಜನೆ ಮುಗಿದ ಮೇಲೆ ಫಲಾನುಭವಿಗಳ ಬದುಕಿನಲ್ಲಿ ಆಗುವ ಗುಣಾತ್ಮಕ ಬದಲಾವಣೆ ಏನು ಎಂದು ಇನ್ನೊಂದು.

“ಹೊಟ್ಟೆ ಹಗುರ ಆಗುತ್ತೆ.”

ತಮ್ಮ ತಲೆ ತಗ್ಗಿಸಿ ಬರೆದುಕೊಂಡ. ಅವನು ಬರೆದದ್ದು ‘ಮಹಿಳೆಯರ ಆತ್ಮಗೌರವ ವೃದ್ಧಿಸುತ್ತದೆ’ ಎಂದು. ಓದಿಸಿ ಕೇಳಿದ ಅಕ್ಕ ಮೂಗು ಮುರಿದಳು. ಆದರೆ ಫಾರ್ಮಿನ ಕೊನೆಯ ಪುಟದಲ್ಲಿ ಒಂದು ಷರತ್ತಿತ್ತು: ಅರ್ಜಿ ಹಾಕುವ ಸಂಘಕ್ಕೆ ಮಹಿಳೆಯೇ ಮುಖ್ಯಸ್ಥೆಯಾಗಿರಬೇಕು. ಅದನ್ನು ಓದುವಾಗ ತಮ್ಮನ ದನಿ ಕುಗ್ಗಿತು. ಹಾಗೆ ಸಿಸ್ಟರ್ ಅಧ್ಯಕ್ಷೆಯಾದಳು, ಅಧ್ಯಕ್ಷ ಬರೀ ಕಾರ್ಯದರ್ಶಿಯಾದ. ಜೀವಮಾನದಲ್ಲಿ ಮೊದಲ ಸಲ ಅವನು ಇನ್ನೊಬ್ಬರ ಹೆಸರಿಗೆ ಸೀಲು ಮಾಡಿಸಿದ.

ಅರ್ಜಿ ಹೋಗಿ ಎಷ್ಟೋ ಕಾಲವಾದ ಮೇಲೆ, ಮರೆತೇಹೋಯಿತು ಎನ್ನುವಾಗ, ಬಿಳಿ ಗಾಡಿಯೊಂದು ಮಾರುಕಟ್ಟೆಗೆ ಬಂತು. ರಾಯಭಾರ ಕಚೇರಿಯ ನೆರವಿನ ವಿಭಾಗದ ಮೇಡಂ ಇಳಿದಳು. ಚಿಕ್ಕ ವಯಸ್ಸು, ಬಿಸಿಲಿಗೆ ಮೂಗು ಸುಲಿದಿತ್ತು, ಕೊಳೆತ ಎಲೆಕೋಸನ್ನು ನೋಡಿಯೂ ನಗುತ್ತಿದ್ದಳು. ಜೊತೆಗೆ ಕಚೇರಿಯ ದುಭಾಷಿ, ಇಲ್ಲಿಯವನೇ. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ. ಅದು ಎಲ್ಲರಿಗೂ ಕಾಣುವಂತೆ ಗಳಿಗೆಗೊಮ್ಮೆ ತಿರುಗಿಸಿಕೊಳ್ಳುತ್ತಿದ್ದ. ಸಿಸ್ಟರ್ ಅವನಿಗೆ ಅಲ್ಲೇ ಟ್ಯಾಗು ಎಂದು ಹೆಸರಿಟ್ಟಳು.

ಮೇಡಂ ಸೊಪ್ಪಿನವಳ ಮುಂದೆ ಕುಕ್ಕರಗಾಲಲ್ಲಿ ಕೂತು, ನಿಮಗೆ ಏನನ್ನಿಸುತ್ತದೆ ಎಂದು ಕೇಳಿಸಿದಳು.

“ಅನ್ನಿಸೋದೇನು ಬಂತು? ಒಂದು ದಿನ ನನ್ನ ಜಾಗದಲ್ಲಿ ಕೂತು ನೋಡು ಅನ್ನು ಅವಳಿಗೆ. ಗೊತ್ತಾಗುತ್ತೆ” ಎಂದಳು ಸೊಪ್ಪಿನವಳು.

ಟ್ಯಾಗು ಅದನ್ನು ಬಹಳ ಹೊತ್ತು ಇಂಗ್ಲಿಷಿನಲ್ಲಿ ಹೇಳಿದ. ವಾರ್ಡಿನ ಇಂಗ್ಲಿಷು ಬಲ್ಲ ಸಿಸ್ಟರ್‌ಗೆ ತಿಳಿದದ್ದು ಇಷ್ಟು: ಈಕೆ ತುಂಬಾ ಭರವಸೆಯಿಂದಿದ್ದಾಳೆ.

ಸಿಸ್ಟರ್ ಅವನನ್ನು ತಿದ್ದಲು ಹೋಗಲಿಲ್ಲ. ಅವಳದೇ ಒಂದು ಉಪಾಯವಿತ್ತು. ಮೇಡಂಗೆ ಬಂದ ಕೂಡಲೇ ಒಂದು ಲೋಟ ಹಣ್ಣಿನ ರಸ ಕೊಟ್ಟಿದ್ದಳು. ಈರುಳ್ಳಿ ಸಾಲಿನಲ್ಲಿ ಇನ್ನೊಂದು, ಮೀನಿನ ಕಟ್ಟೆಯ ಹತ್ತಿರ ತಣ್ಣನೆ ನೀರು, ಅಂಗಡಿಯಲ್ಲಿ ಟೀ. ಬಿಸಿಲು, ಬಾಯಾರಿಕೆ, ಬೇಡವೆನ್ನಲು ಸಂಕೋಚ. ಮೇಡಂ ಎಲ್ಲವನ್ನೂ ಕುಡಿದಳು. ಸಿಸ್ಟರ್ ಅವಳನ್ನು ಒಂದೂ ಗಲ್ಲಿ ಬಿಡದೆ ಸುತ್ತಿಸಿದಳು. ಕೊನೆಗೆ ಮೇಡಂನ ನಗು ಬಿಗಿಯಾಯಿತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಟ್ಯಾಗುವಿನ ಕಿವಿಯಲ್ಲಿ ಏನೋ ಕೇಳಿದಳು.

ಸಿಸ್ಟರ್ ಕಾದಿದ್ದದ್ದು ಇದಕ್ಕೇ. “ಇಲ್ಲ ಅಂತ ಹೇಳಿ. ಇಲ್ಲಿ ಎಲ್ಲೂ ಇಲ್ಲ. ಅದಕ್ಕೇ ತಾನೇ ಅರ್ಜಿ ಹಾಕಿರೋದು” ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ತಮ್ಮ ಓಡಿಬಿಟ್ಟಿದ್ದ. ಮಾರುಕಟ್ಟೆಯ ಮೂಲೆಯಲ್ಲಿ ಒಡವೆ ಅಂಗಡಿ. ಅದರ ಮಾಳಿಗೆಯಲ್ಲಿ ಧಣಿಯ ಮನೆಯವರಿಗೆ ಮಾತ್ರ ಎಂದು ಬೀಗ ಹಾಕಿಟ್ಟ, ಅಮೃತಶಿಲೆ ಹಾಸಿದ ಕಕ್ಕಸು. ತಮ್ಮ ಧಣಿಯ ಕಾಲಿಗೆ ಬಿದ್ದನೋ ಕೈ ಹಿಡಿದನೋ, ಬೀಗ ತೆಗೆಸಿದ. ಒಡವೆ ಅಂಗಡಿಯವನು ಹೊಸ ಟವೆಲು, ಹೊಸ ಸೋಪು ಇಡಿಸಿ, ಮೆಟ್ಟಿಲ ಬುಡದಲ್ಲಿ ಕೈ ಕಟ್ಟಿ ನಿಂತ. ಮೇಡಂ ಇಳಿದು ಬಂದಾಗ ಅವಳ ಮುಖದಲ್ಲಿ ಹಳೆಯ ನಗು ಮರಳಿತ್ತು.

ಸ್ವಲ್ಪ ದಿನದಲ್ಲೇ ಉತ್ತರ ಬಂತು. ಸ್ಥಳ ಪರಿಶೀಲನೆಯಲ್ಲಿ ಕಂಡಂತೆ, ನಡೆದು ಹೋಗುವಷ್ಟು ದೂರದಲ್ಲೇ ಉತ್ತಮ ಸೌಲಭ್ಯ ಲಭ್ಯವಿರುವುದರಿಂದ ಅರ್ಜಿಯನ್ನು ಪರಿಗಣಿಸಲು ಸಾಧ್ಯವಾಗುತ್ತಿಲ್ಲ. ಶುಭ ಹಾರೈಕೆಗಳು.

“ನಿನ್ನಂಥ ದಡ್ಡನನ್ನ ಹಡೆದಳಲ್ಲ ನಮ್ಮಮ್ಮ” ಎಂದಳು ಸಿಸ್ಟರ್.

“ನಮ್ಮಲ್ಲಿಗೆ ಬಂದ ಹೆಣ್ಣುಮಗಳು ಅಕ್ಕಾ, ಒದ್ದಾಡ್ತಿದ್ದಳು. ನೋಡ್ಕೊಂಡು ಹೇಗೆ ನಿಂತ್ಕೊಳ್ಳಲಿ?”

“ಸೊಪ್ಪಿನವಳು ದಿನಾ ಒದ್ದಾಡ್ತಾಳೆ. ಅವಳು ಹೆಣ್ಣುಮಗಳಲ್ವಾ?”

ಅಲ್ಲಿಂದ ಮುಂದೆ ಅಕ್ಕ ಅವನ ಜೊತೆ ಮಾತು ಬಿಟ್ಟಳು. ಅಂಗಡಿಯ ಮುಂದೆ ಹಾದು ಹೋಗುವಾಗ ಕತ್ತು ಆ ಕಡೆ ತಿರುಗಿಸುತ್ತಿದ್ದಳು.

ಮಾತು ಮತ್ತೆ ಶುರುವಾದದ್ದು ರಾಯಭಾರ ಕಚೇರಿಯ ದೆಸೆಯಿಂದಲೇ. ಮೇಡಂ ಅನ್ನು ಕಂಡು ವಿವರಿಸಿ ಬರುತ್ತೇನೆ ಎಂದು ತಮ್ಮ ಹೊರಟಿದ್ದಾನೆಂದು ಅವನ ಹೆಂಡತಿ ಬಂದು ಹೇಳಿದಳು. “ಅವನು ವಿವರಿಸಿದ್ದು ಸಾಕು, ಅಧ್ಯಕ್ಷೆ ನಾನು” ಎಂದು ಸಿಸ್ಟರ್ ಇಸ್ತ್ರಿ ಬಟ್ಟೆ ಉಟ್ಟು ಅವನ ಹಿಂದೆಯೇ ಬಸ್ಸು ಹತ್ತಿದಳು.

ರಾಯಭಾರ ಕಚೇರಿಗೆ ಎತ್ತರದ ಗೋಡೆ, ಗೋಡೆಯ ಮೇಲೆ ಮುಳ್ಳುತಂತಿ. ಗೇಟಿನ ಕಾವಲುಗಾರ ಎದುರು ಬದಿಯ ಫುಟ್‌ಪಾತಿನತ್ತ ಬೆರಳು ತೋರಿಸಿದ. ಅಲ್ಲಿ ಆಗಲೇ ಒಂದಷ್ಟು ಜನ ಫೈಲು ತಬ್ಬಿಕೊಂಡು ನಿಂತಿದ್ದರು. ಕೂರಲು ಏನೂ ಇರಲಿಲ್ಲ. ತಮ್ಮ ಮಾತ್ರ ಮಾಮೂಲಿಯವನಂತೆ ಒಂದು ಕಂಬದ ಪಕ್ಕ ಹೋಗಿ, “ಇಲ್ಲಿ ಬಾ ಅಕ್ಕಾ, ಇನ್ನು ಸ್ವಲ್ಪ ಹೊತ್ತಿಗೆ ನೆರಳು ಈ ಕಡೆ ಬರುತ್ತೆ” ಎಂದ. ಕಾವಲುಗಾರನ ಮಗಳ ಮದುವೆ ಏನಾಯಿತೆಂದು ಕೂಗಿ ಕೇಳಿದ. ಅವನು ಇಲ್ಲಿ ಎಷ್ಟು ಸಲ ಬಂದು ನಿಂತಿದ್ದಾನೆ ಎಂದು ಅವಳಿಗೆ ಆಗ ತಿಳಿಯಿತು. ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ.

ನೆರಳು ಬಂದು, ಆ ಕಡೆ ಹೋಗಿಯೂ ಆದ ಮೇಲೆ ಟ್ಯಾಗು ಹೊರಗೆ ಬಂದ. ಒಳಗೆ ಕರೆಯಲಿಲ್ಲ. “ಏನಪ್ಪಾ, ಮತ್ತೆ ಬಂದ್ಯಾ? ನನ್ನ ಮಗನ ನೋಟ್ಸ್ ತಂದ್ಯಾ?” ಎಂದ.

ತಮ್ಮ ಚೀಲದಿಂದ ಜೆರಾಕ್ಸ್ ಕಟ್ಟು ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಹಲ್ಲು ಬಿಟ್ಟು ನಗುತ್ತಿದ್ದ. ಟ್ಯಾಗು ದುಡ್ಡಿನ ಮಾತು ಎತ್ತಲಿಲ್ಲ; ಬೈಂಡಿಂಗ್ ಸರಿಯಿಲ್ಲ ಎಂದ. ಸಿಸ್ಟರ್‌ಗೆ ತಮ್ಮನ ಕೆನ್ನೆಗೆ ಬಾರಿಸಬೇಕೆನ್ನಿಸಿತು.

“ಸ್ವಾಮಿ, ಆ ಒಡವೆ ಅಂಗಡಿ ಕಕ್ಕಸಿಗೆ ನಮ್ಮ ಹೆಂಗಸರನ್ನ ಬಿಡಲ್ಲ. ಅದನ್ನ ನಿಮ್ಮ ಮೇಡಂಗೆ ಯಾಕೆ ಹೇಳಲಿಲ್ಲ?” ಎಂದಳು ಅವಳು.

ಟ್ಯಾಗು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಅಮ್ಮಾ, ಒಡವೆ ಅಂಗಡಿ ಒಂದು ನೆಪ. ನೀವು ಕೇಳಿರೋದು ಕಕ್ಕಸು. ನಾಳೆ ಕಟ್ಟಿದ್ದಾಯ್ತು ಅಂತ ಇಟ್ಕೊಳ್ಳಿ. ರಾಯಭಾರಿಗಳು ಬಂದು ರಿಬ್ಬನ್ ಕತ್ತರಿಸಬೇಕು. ಕಕ್ಕಸಿನ ಬಾಗಿಲಲ್ಲಿ ನಿಲ್ಲಿಸಿ ಫೋಟೋ ತೆಗೆಯೋಕಾಗುತ್ತಾ? ಅವರ ದೇಶದ ಪೇಪರಲ್ಲಿ ಬಂದ್ರೆ ಏನಂತಾರೆ? ಹೋದ ವರ್ಷ ಗಿಡ ಕೇಳಿದ್ರೆ ಕೊಡ್ತಿದ್ವಿ. ಈ ವರ್ಷ ಮಾಹಿತಿ. ಕಂಪ್ಯೂಟರು, ಮಹಿಳೆ, ಮಾಹಿತಿ, ಹಾಗೇನಾದ್ರೂ ತನ್ನಿ.” ಮಾತು ಮುಗಿಯುವ ಮೊದಲೇ ಬೆನ್ನು ತಿರುಗಿಸಿದ್ದ.

“ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಇಲ್ಲಿ ದೇವರೂ ಅಷ್ಟರಲ್ಲೇ ಇದ್ದಾನೆ” ಎಂದು ಅವಳು ಅವನಿಗೆ ಕೇಳುವ ಹಾಗೆಯೇ ಹೇಳಿದಳು. ತಮ್ಮ ಅವಳ ಕೈ ಅದುಮಿದ.

ವಾಪಸು ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. “ಆ ನಾಯಿ ಮುಂದೆ ಹಲ್ಲು ಗಿಂಜ್ತೀಯಲ್ಲೋ. ನಾಚಿಕೆ ಆಗಲ್ವಾ?”

“ಆಗುತ್ತೆ” ಎಂದ ತಮ್ಮ.

ಅವನು ಹಾಗೆ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ.

“ನಾನು ಅಂದ್ರೆ ನಿನಗೆ ಅಸಹ್ಯ. ನನಗೆ ಗೊತ್ತಿದೆ ಅಕ್ಕಾ, ಚಿಕ್ಕಂದಿನಿಂದ ಗೊತ್ತಿದೆ. ಬೈಯೋಕೆ ನನಗೂ ಬರುತ್ತೆ. ಬೈದು ಮನೆಗೆ ಹೋಗಿ ಹಾಯಾಗಿ ಮಲಗಬಹುದು. ಬೀದಿದೀಪ ಹಾಕಿಸಿದಾಗ ನಾಲ್ಕು ಆಫೀಸಲ್ಲಿ ಹೀಗೇ ನಿಂತಿದ್ದೆ. ಆ ದೀಪದ ಕೆಳಗೇ ನೀನು ದಿನಾ ಓಡಾಡ್ತೀಯ. ಯಾರಾದ್ರೂ ಒಬ್ಬರು ಗಿಂಜಲೇಬೇಕು.”

ತಮ್ಮನ ಅಂಗಿಯ ಕಾಲರು ಸವೆದು, ಒಳಮಗ್ಗುಲು ಹೊರಗೆ ಮಾಡಿ ಹೊಲಿದಿದ್ದು ಅವಳ ಕಣ್ಣಿಗೆ ಬಿತ್ತು. ಬಸ್ಸು ಇಳಿದು ಅಂಗಡಿಯ ಬಾಗಿಲು ತೆಗೆಸಿ, ಸ್ಟೂಲು ಎಳೆದುಕೊಂಡು ಕೂತಳು.

“ಬರಿ. ಮಹಿಳಾ ಮಾಹಿತಿ ಕೇಂದ್ರ ಅಂತ ಬರಿ.”

“ಮತ್ತೆ ಕಕ್ಕಸು?”

“ಸಿಬ್ಬಂದಿ ಶೌಚಾಲಯ ಅಂತ ಒಂದು ಮೂಲೇಲಿ ಹಾಕು. ಪಕ್ಕದಲ್ಲಿ ಉಗ್ರಾಣ. ಉಗ್ರಾಣ ಎಷ್ಟು ದೊಡ್ಡದಿರಬೇಕು ಅಂತ ಕೇಳಿದ್ದಾರಾ?”

“ಇಲ್ಲ.”

“ಹಾಗಾದ್ರೆ ದೊಡ್ಡದೇ ಇರಲಿ.”

ಜಾಗಕ್ಕೆ ಮಾರುಕಟ್ಟೆಯ ಹಳೆಯ ತೂಕದ ಕಟ್ಟೆ ಇತ್ತು. ಅದು ಅಂಗಡಿಕಾರರ ಸಂಘದ್ದು. ಸಂಘ ಇಲ್ಲದಿದ್ದರೂ ಸೀಲು ಇತ್ತು. ಅರ್ಜಿ ಈ ಸಲ ತಡವಿಲ್ಲದೆ ಪಾಸಾಯಿತು. ಮಹಿಳೆ, ಮಾಹಿತಿ, ಕಂಪ್ಯೂಟರು ಈ ಮೂರು ಪದ ಕಂಡ ಮೇಲೆ ಯಾರೂ ಸ್ಥಳ ನೋಡಲೂ ಬರಲಿಲ್ಲ. ಗಾರೆಯವನು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇದೇನಮ್ಮಾ, ಮುಂದೆ ಬೆಂಕಿಪೊಟ್ಟಣ, ಹಿಂದೆ ಅರಮನೆ?” ಎಂದ. ಉಗ್ರಾಣದೊಳಗೆ ಆರು ಗೋಡೆ, ಆರು ಗುಂಡಿ ಎಂದು ಸಿಸ್ಟರ್ ಹೇಳಿದಾಗ ಅವನಿಗೆ ಅರ್ಥವಾಯಿತು. ಅವನ ತಾಯಿಯೂ ಅದೇ ಮಾರುಕಟ್ಟೆಯಲ್ಲಿ ಬೆಳ್ಳುಳ್ಳಿ ಮಾರಿದವಳು. ಟೈಲ್ಸು ಒಳ್ಳೆಯದನ್ನೇ ಹಾಕಿದ.

ಉದ್ಘಾಟನೆಗೆ ರಾಯಭಾರಿಗಳೇ ಬಂದರು. ಎತ್ತರದ ಮನುಷ್ಯ, ಬೆವರುತ್ತಿದ್ದರು, ಎಲ್ಲರ ಕೈ ಕುಲುಕಿದರು, ಮೀನಿನವಳ ಕೈ ಕುಲುಕಿದ ಮೇಲೆ ಕರವಸ್ತ್ರ ಹುಡುಕಿದರು. ರಿಬ್ಬನ್ ಕತ್ತರಿಸಿದ್ದಾಯಿತು. ಕಂಪ್ಯೂಟರುಗಳ ಮುಂದೆ ಹೆಂಗಸರನ್ನು ಕೂರಿಸಿ ಪರದೆಯನ್ನೇ ನೋಡುತ್ತಿರಲು ಟ್ಯಾಗು ತಾಕೀತು ಮಾಡಿದ್ದ. ಪರದೆಯ ಮೇಲೆ ಹೂವಿನ ಚಿತ್ರವಿತ್ತು. ಅವರು ಅದನ್ನೇ ಕಣ್ಣು ಮಿಟುಕಿಸದೆ ನೋಡಿದರು. ರಾಯಭಾರಿಗಳು ನಿಂಬೆಹಣ್ಣಿನ ಮುದುಕಿಯ ಕೈ ಹಿಡಿದು ಮೌಸಿನ ಮೇಲಿಟ್ಟರು. ಫೋಟೋದವನು ಅದನ್ನು ಮೂರು ಕಡೆಯಿಂದ ತೆಗೆದ. ಮುದುಕಿ ಆ ಮನುಷ್ಯನ ಕೈ ಮೆತ್ತಗಿದೆಯೆಂದು ಆಮೇಲೆ ಎಲ್ಲರಿಗೂ ಹೇಳಿಕೊಂಡು ಬಂದಳು.

ಸಿಸ್ಟರ್ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಬೀಗದ ಕೈ ಅವಳ ಮುಷ್ಟಿಯಲ್ಲಿತ್ತು.

“ಇದೇನು?” ಎಂದ ಟ್ಯಾಗು.

“ಉಗ್ರಾಣ. ಇಲಿ ಸೇರ್ಕೊಂಡಿವೆ. ನೋಡ್ತೀರಾ?”

ಅವನು ಹಿಂದೆ ಸರಿದ. ರಾಯಭಾರಿಗಳ ಭಾಷಣ ಶುರುವಾಗಿತ್ತು. ಮಾಹಿತಿಯೇ ಶಕ್ತಿ, ಈ ಬಾಗಿಲು ತೆರೆದರೆ ಜಗತ್ತೇ ತೆರೆದಂತೆ ಎಂದರು. ಸೊಪ್ಪಿನವಳು ಸಿಸ್ಟರ್ ಪಕ್ಕಕ್ಕೆ ಒರಗಿ, “ಬೇಗ ಮುಗಿಸೋಕೆ ಹೇಳಿ ಸಿಸ್ಟರಮ್ಮ, ನನ್ನ ಬಾಗಿಲು ತೆಗೀಬೇಕು” ಎಂದಳು. ಬಿಳಿ ಗಾಡಿಗಳು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಸಿಸ್ಟರ್ ಬೀಗ ತೆಗೆದಳು. ಅಲ್ಲಿ ಚಪ್ಪಾಳೆ ಇರಲಿಲ್ಲ, ನೂಕುನುಗ್ಗಲಿತ್ತು.

ಕಟ್ಟುವುದಕ್ಕೆ ದುಡ್ಡು ಕೊಟ್ಟವರು ತೊಳೆಯುವುದಕ್ಕೆ ಕೊಡುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ದಿನನಿತ್ಯದ ಖರ್ಚು ಅವರ ನಿಯಮದಲ್ಲಿ ಬರುವುದಿಲ್ಲವಂತೆ. ಸರದಿಯ ಮೇಲೆ ತೊಳೆಯುವುದೆಂದು ಹೆಂಗಸರೇ ಮಾತಾಡಿಕೊಂಡರು. ಹದಿನೈದು ದಿನಕ್ಕೆ ಜಗಳ. ಮೀನಿನವಳು ಹೋದದ್ದನ್ನು ತಾನು ತೊಳೆಯುವುದಿಲ್ಲ ಎಂದಳು ಈರುಳ್ಳಿಯವಳು. ಈರುಳ್ಳಿಯವಳ ನಾತ ಸ್ವರ್ಗದ್ದೋ ಎಂದಳು ಮೀನಿನವಳು. ಸಿಸ್ಟರ್ ಇಬ್ಬರನ್ನೂ ಉಗಿದಳು. “ಹೊರದೇಶದವರನ್ನ ಅನ್ನೋದೇನು, ನಿಮಗೆ ಆರು ಬಾಗಿಲು ಸಿಕ್ಕ ಕೂಡಲೇ ಆರು ಜಾತಿ ಹುಟ್ಕೊಂಡ್ವಲ್ಲ!” ಎಂದು ತಾನೇ ಬಕೆಟ್ಟು ಪೊರಕೆ ಹಿಡಿದಳು. ಸೊಂಟ ಹಿಡಿದುಕೊಂಡು ಮಲಗಿದ್ದೂ ಆಯಿತು.

ದಾರಿ ಕಂಡುಹಿಡಿದವನು ತಮ್ಮನೇ. ಮುಂದಿನ ಕೋಣೆಯಲ್ಲಿ ಕಂಪ್ಯೂಟರುಗಳು ದೂಳು ತಿನ್ನುತ್ತಿದ್ದವು. ಅಧ್ಯಕ್ಷ ಅನುದಾನ ತಂದನಂತೆ ಎಂದು ಸುದ್ದಿ ಹಬ್ಬಿ, ಬೇರೆ ಬೀದಿಗಳವರು ಅರ್ಜಿ ಬರೆಸಿಕೊಳ್ಳಲು ಬರತೊಡಗಿದ್ದರು. ಅವನು ಆ ಕಂಪ್ಯೂಟರುಗಳಲ್ಲೇ ಅರ್ಜಿ ಬರೆದುಕೊಡಲು ಕೂತ. ಬಂದ ಕೂಲಿಯಲ್ಲಿ ತೊಳೆಯುವ ಹೆಂಗಸಿಗೆ ಸಂಬಳ, ಫಿನಾಯಿಲು. ಒಂದು ಕಾಸೂ ಅವನು ಮನೆಗೆ ಒಯ್ಯಲಿಲ್ಲ. ಸಿಸ್ಟರ್ ಅದನ್ನು ಗಮನಿಸಿದಳು, ಬಾಯಿಬಿಟ್ಟು ಹೇಳಲಿಲ್ಲ. ಅವನನ್ನು ದಡ್ಡ ಎನ್ನುವುದನ್ನು ಮಾತ್ರ ನಿಲ್ಲಿಸಿದಳು.

ಕೇಂದ್ರಕ್ಕೆ ಬಂದವರೆಲ್ಲ ಪುಸ್ತಕದಲ್ಲಿ ಗುರುತು ಹಾಕಬೇಕೆಂಬ ನಿಯಮವಿತ್ತು. ಹೆಂಗಸರು ಹಿಂದಕ್ಕೆ ಹೋಗುವ ಮೊದಲು ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ಆ ಲೆಕ್ಕ ರಾಯಭಾರ ಕಚೇರಿಗೆ ಹೋಯಿತು. ಅಲ್ಲಿ ಬೆರಗೋ ಬೆರಗು. ಬೇರೆ ಯಾವ ಮಾಹಿತಿ ಕೇಂದ್ರಕ್ಕೂ ಇಷ್ಟು ಹೆಂಗಸರು ಬರುತ್ತಿರಲಿಲ್ಲ, ಅದೂ ಒಬ್ಬೊಬ್ಬರು ದಿನಕ್ಕೆ ಎರಡೆರಡು ಸಲ. ಮೇಡಂ ನೋಡಲು ಬಂದಳು. ಗೋಡೆ ಪಕ್ಕ ಕುರ್ಚಿ ಹಾಕಿಸಿಕೊಂಡು ಬೆಳಗಿನ ವ್ಯಾಪಾರದ ಹೊತ್ತೆಲ್ಲ ಕೂತಳು. ಹೆಂಗಸರು ಅವಸರದಲ್ಲಿ ಬರುತ್ತಿದ್ದರು, ಹೆಬ್ಬೆಟ್ಟು ಒತ್ತುತ್ತಿದ್ದರು, ಕಂಪ್ಯೂಟರುಗಳ ಕಡೆ ತಿರುಗಿಯೂ ನೋಡದೆ ಹಿಂದಕ್ಕೆ ಹೋಗಿ ಸಮಾಧಾನದಿಂದ ಮರಳುತ್ತಿದ್ದರು. ಮೇಡಂ ದಡ್ಡಿಯಲ್ಲ. ಎದ್ದು ಹಿಂದಕ್ಕೆ ಹೋದಳು. ಟ್ಯಾಗು ತನ್ನ ಗುರುತಿನ ಚೀಟಿಯನ್ನು ಅಂಗಿಯೊಳಗೆ ಇಳಿಸಿಕೊಂಡ.

ಅವಳು ಒಳಗೆ ಬಹಳ ಹೊತ್ತು ಇದ್ದಳು. ನೀರು ಹರಿದ ಸದ್ದು ಕೇಳಿತು. ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಸಿಸ್ಟರ್ ಮುಖವನ್ನೇ ನೋಡುತ್ತಾ ನಿಧಾನವಾಗಿ, ಅವಳಿಗೆ ಅರ್ಥವಾಗುವ ಸರಳ ಇಂಗ್ಲಿಷಿನಲ್ಲಿ, “ಉಗ್ರಾಣವನ್ನು ನಾನು ನೋಡಲಿಲ್ಲ” ಎಂದಳು. ಅವಳ ವರ್ಗಾವಣೆ ಹತ್ತಿರದಲ್ಲಿತ್ತು, ಹೋಗುವ ಮುಂಚೆ ಅವಳಿಗೊಂದು ಯಶಸ್ಸಿನ ಕಥೆ ಬೇಕಿತ್ತು. ಸಿಸ್ಟರ್ ಹಾಗೆಂದುಕೊಂಡಳು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬಹುದು ಎಂಬ ಯೋಚನೆ ಬಂದರೂ ಅದಕ್ಕೆ ಸೊಪ್ಪು ಹಾಕಲಿಲ್ಲ. ರಾಯಭಾರ ಕಚೇರಿಯ ಆ ವರ್ಷದ ವರದಿ ಪುಸ್ತಕದ ಮುಖಪುಟದಲ್ಲಿ ನಿಂಬೆಹಣ್ಣಿನ ಮುದುಕಿ ಮೌಸು ಹಿಡಿದಿದ್ದಳು.

ಈಗ ಸಿಸ್ಟರ್‌ಗೂ ಒಂದು ಕೆಲಸ ಸಿಕ್ಕಿತು. ತಮ್ಮ ಅರ್ಜಿ ಬರೆಯುವಾಗ ಪಕ್ಕದಲ್ಲಿ ಕೂತು ತಿದ್ದುವುದು. ಬಾವಿ ಎಂದು ಬರೆಯಬೇಡ, ನೀರಿನ ಸಾಕ್ಷರತೆ ಎಂದು ಬರೆ. ಕಾಂಪೌಂಡು ಬೇಡ, ಸುರಕ್ಷಿತ ಪರಿಸರ. ಅವಳಿಗೆ ಆ ಭಾಷೆ ಬೇಗ ಹಿಡಿಯಿತು. ಒಳಗೊಳಗೇ ಅದರಲ್ಲಿ ಒಂದು ಕ್ರೂರವಾದ ಖುಷಿಯೂ ಇತ್ತು: ಮೂರ್ಖರಿಗೆ ಮೂರ್ಖತನವನ್ನೇ ಬಡಿಸುವ ಖುಷಿ.

ಒಂದು ದಿನ ದೊಡ್ಡ ಮೋರಿಯ ದಂಡೆಯ ಬೀದಿಯಿಂದ ಒಬ್ಬ ಮುದುಕ ಬಡಗಿ ಬಂದ. ಅವರ ಬೀದಿಗೂ ಸ್ಮಶಾನಕ್ಕೂ ನಡುವೆ ಆ ಮೋರಿ. ಹೆಣ ಹೊತ್ತವರು ಸೊಂಟಮಟ್ಟದ ಕೊಳಚೆಯಲ್ಲಿ ಇಳಿದು ದಾಟಬೇಕು. ಒಂದು ಕಾಲುಸೇತುವೆ ಬೇಕು ಎಂದು ತನ್ನ ಕೈಯಲ್ಲೇ ಬರೆದು ತಂದಿದ್ದ.

ಸಿಸ್ಟರ್ ಓದಿ ಕಾಗದ ಕೆಳಗಿಟ್ಟಳು. “ಸತ್ತವರ ವಿಷಯ ತೆಗೀರಿ. ಅವರಿಗೆ ಸತ್ತವರಿಂದ ಏನೂ ಆಗಬೇಕಾಗಿಲ್ಲ. ಶಾಲೆಗೆ ಹೋಗೋ ಮಕ್ಕಳಿಗೆ ಸೇತುವೆ ಅಂತ ಹಾಕೋಣ.”

“ಆ ಕಡೆ ಶಾಲೆ ಇಲ್ಲವಲ್ಲಮ್ಮ.”

“ಸೇತುವೆ ಇಲ್ಲದೆ ಶಾಲೆ ಹೇಗೆ ಬರುತ್ತೆ?” ಎಂದು ಅವಳು ನಕ್ಕಳು. ತಮ್ಮನೂ ನಕ್ಕ.

ಮುದುಕ ನಗಲಿಲ್ಲ. “ನಮ್ಮಪ್ಪನ್ನ ಅದರಲ್ಲೇ ಹೊತ್ಕೊಂಡು ಹೋಗಿದ್ದೀನಿ. ಅವನಿಗೆ ಒಂದು ದಾರಿ ಕೇಳೋಕೆ ಸುಳ್ಳು ಬರೀಬೇಕಾ?” ಎಂದು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಹೋಗುವಾಗ ಅವಳನ್ನು ಒಮ್ಮೆ ನೋಡಿದ. ಅಂಥ ನೋಟವನ್ನು ಅವಳು ಬೇರೆಯವರ ಮೇಲೆ ಬಹಳ ಬೀರಿದ್ದಳು, ತನ್ನ ಮೇಲೆ ಬಿದ್ದದ್ದು ಅದೇ ಮೊದಲು.

“ಬರ್ತಾನೆ ಬಿಡು, ನಾಳೆ ನಾಡಿದ್ದರಲ್ಲಿ ಬರ್ತಾನೆ” ಎಂದ ತಮ್ಮ.

ಮುದುಕ ಬರಲಿಲ್ಲ. ಸಿಸ್ಟರ್ ಯಾರಿಗೂ ಹೇಳದೆ ಅವನ ದಾರಿ ನೋಡಿದಳು. ಬಾರದೇ ಇದ್ದರೇ ಚೆನ್ನ ಎಂದೂ ಅವಳಿಗೆ ಅನ್ನಿಸುತ್ತಿತ್ತು. ಇಡೀ ಊರಿನಲ್ಲಿ ಒಬ್ಬನಾದರೂ ಇರಲಿ.

ಮಳೆಗಾಲ ಮುಗಿಯುತ್ತಿದ್ದಾಗ ಅವನು ಬಂದ. ಗಡ್ಡ ಬೆಳೆದಿತ್ತು. ಕೂರಲು ಹೇಳಿದರೂ ಕೂರಲಿಲ್ಲ.

“ನನ್ನ ಹೆಂಡತಿ ಹೋದಳಮ್ಮ. ದಾಟಿಸುವಾಗ ಹುಡುಗನೊಬ್ಬನ ಕಾಲು ಜಾರ್ತು. ಅವಳು ನೆನೆದುಬಿಟ್ಟಳು. ಆ ಕಡೆ ತೊಳೆಯೋಕೆ ನೀರೂ ಇರಲಿಲ್ಲ.” ಜೇಬಿನಿಂದ ಅದೇ ಕಾಗದ ತೆಗೆದು ಮೇಜಿನ ಮೇಲಿಟ್ಟ. “ಶಾಲೆ ಅಂತಾನೇ ಬರೀರಿ.”

ಸಿಸ್ಟರ್‌ಗೆ ಗೆದ್ದೆನೆಂದು ಅನ್ನಿಸಲಿಲ್ಲ. ಮುಳ್ಳುತಂತಿಯ ಗೋಡೆಯ ಮೇಲೆ ಅವಳಿಗೆ ಮೊದಲಿನಿಂದ ಇದ್ದ ತಿರಸ್ಕಾರ ಈಗ ಇಮ್ಮಡಿಯಾಯಿತು. ಆ ಗೋಡೆಯ ಈ ಬದಿಯಲ್ಲಿ ತಾನೂ ಒಂದು ಇಟ್ಟಿಗೆ ಇಟ್ಟಿದ್ದೇನೆ ಎಂಬುದು ಅವಳಿಗೆ ಕಾಣದೇ ಇರಲಿಲ್ಲ. ಸಮಾಧಾನದ ಮಾತು ಅವಳಿಗೆ ಯಾವತ್ತೂ ಬರುತ್ತಿರಲಿಲ್ಲ. ಎದ್ದು ತಾನು ಕೂತಿದ್ದ ಕುರ್ಚಿಯನ್ನೇ ಮುದುಕನತ್ತ ಸರಿಸಿ, ಅವನ ಭುಜ ಹಿಡಿದು ಕೂರಿಸಿದಳು.

“ನಿಮ್ಮ ಬೀದೀಲಿ ಮಕ್ಕಳಿದ್ದಾರಾ?”

“ಬೇಕಾದಷ್ಟು ಇದ್ದಾರೆ.”

“ಅಷ್ಟಾದರೂ ನಿಜ ಬರೆಯೋಣ. ಹೆಸರು ಹೇಳಿ.”

ತಮ್ಮ ಕೀಲಿಗಳ ಮೇಲೆ ಬೆರಳಿಟ್ಟು ಕಾದ. ಮುದುಕ ತನ್ನ ಮೊಮ್ಮಕ್ಕಳಿಂದ ಶುರು ಮಾಡಿದ.